ಪದಚರ್ಚೆ: ಮೆದುಳಿನ ಎಡಬಲ 'ಟಾರ್ಕ್'ಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಕುವೆಂಪುನಗರ, ಮೈಸೂರಿನಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮೆದುಳಿನ ಮಾದರಿ ಮಾಡಿದ್ದೇವೆ. ಅದರ ಬೋರ್ಡು ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗಬೇಕು. ಪದ ಸಿಗುತ್ತಿಲ್ಲ.

ವಿಷಯ ಇಷ್ಟು. ಮೆದುಳಿನ ಬಲಹೋಳು ಹಣೆಯ ಕಡೆ ಸ್ವಲ್ಪ ಮುಂದೆ ಬಂದಿರುತ್ತದೆ. ಎಡಹೋಳು ಹಿಂದಲೆಯ ಕಡೆ ಸ್ವಲ್ಪ ಹಿಂದಕ್ಕೆ ಚಾಚಿರುತ್ತದೆ. ಮೇಲಿನಿಂದ ನೋಡಿದರೆ ಇಡೀ ಮೆದುಳನ್ನು ಅಪ್ರದಕ್ಷಿಣೆಯಾಗಿ ಚೂರು ತಿರುಗಿಸಿದಂತೆ ಕಾಣುತ್ತದೆ. ಇದಕ್ಕೆ ಯಾಕೊವ್ಲೆವ್ ಅನ್ನುವ ನರವಿಜ್ಞಾನಿಯ ಹೆಸರಿನಲ್ಲಿ 'ಯಾಕೊವ್ಲೆವಿಯನ್ ಟಾರ್ಕ್' ಅಂತಾರೆ. ಚಾಚಿದ ಭಾಗ 'ಪೆಟಾಲಿಯ'. ನಾನು 'ಮಸ್ತಿಷ್ಕ ಪಾರ್ಶ್ವಿಕ ಅಸಮಮಿತಿ' ಅಂತ ಬರೆದಿದ್ದೆ. ಎಂಟನೇ ಕ್ಲಾಸಿನ ಹುಡುಗಿ ಓದಿ, "ಮಿಸ್, ಇದು ಕಾಯಿಲೆನಾ?" ಅಂದಳು.

ಮಂಡ್ಯದಿಂದ:

ಹುಡುಗಿ ಕೇಳಿದ್ದು ಸರಿಯಾಗೇ ಇದೆ. ಪಾರ್ಶ್ವ ಅಂದರೆ ಜನಕ್ಕೆ ನೆನಪಾಗುವುದು ಪಾರ್ಶ್ವವಾಯು. ನಮ್ಮ ಕಡೆ 'ವಾರೆ' ಅಂತೀವಿ. ಗೋಡೆ ವಾರೆ, ಚೌಕಟ್ಟು ವಾರೆ. ಬರಹಕ್ಕೆ ಓರೆ. 'ಮೆದುಳಿನ ಎಡಬಲ ಓರೆ' ಅನ್ನಿ. ಮುಗೀತು.

ಸರಸ್ವತಿಪುರಂನಿಂದ:

ಮುಗಿಯಲಿಲ್ಲ. ಓರೆ ಅಂದರೆ ಒಂದು ಕಡೆಗೆ ವಾಲಿದ್ದು. ಇಲ್ಲಿ ಯಾವುದೂ ವಾಲಿಲ್ಲ, ಎರಡು ಹೋಳು ಎರಡು ದಿಕ್ಕಿಗೆ ಸರಿದಿವೆ. ಎರಡು ಕಡೆ ಒಂದೇ ಥರ ಇರುವುದಕ್ಕೆ ಪಠ್ಯಪುಸ್ತಕದಲ್ಲಿ 'ಸಮಮಿತಿ' ಇದೆ. ಅಸಮಮಿತಿಯನ್ನೇ ಇಡಿ, ಮಕ್ಕಳು ಕಲಿಯಲಿ. ಇನ್ನೊಂದು, ಮೆದುಳು ಅಲ್ಲ, ಮಿದುಳು. ಹಳಗನ್ನಡದಲ್ಲಿ ಮಿದುಳ್. ಮೆತ್ತಗಿದೆ, ಮೆದುವಾಗಿದೆ, ಅದಕ್ಕೇ ಮೆದುಳು ಅನ್ನುವ ವಾದವನ್ನು ಯಾರೂ ಎತ್ತಬೇಡಿ.

ಮಂಡ್ಯದಿಂದ:

ಯಾರೂ ಎತ್ತಿರಲಿಲ್ಲ ಸಾರ್, ನೀವೇ ಎತ್ತಿದಿರಿ. ಜನ ಮೆದುಳು ಅಂತಾರೆ. ತೆಲುಗಿನವರೂ ಮೆದಡು ಅಂತಾರೆ. ಸಂಸ್ಕೃತದಿಂದ ಹೊಲಿದ ಪದ ಕಲಿಯಲಿ ಅನ್ನುವವರು ಈ ಎಕಾರಕ್ಕೆ ಯಾಕೆ ಇಷ್ಟು ಮಡಿ?

ಸರಸ್ವತಿಪುರಂನಿಂದ:

'ಎಡಬಲ' ಬರೆದಿರಲ್ಲ, ಅದರ ಬಲ ಎಲ್ಲಿಂದ ಬಂತು? ಸಂಸ್ಕೃತದ್ದೇ. ಕುರ್ಚಿ ಅರಬ್ಬಿಯದು. ಬಿಟ್ಟು ನೆಲದ ಮೇಲೆ ಕೂರುತ್ತೀರಾ?

ಮಾನಸಗಂಗೋತ್ರಿ ಪಕ್ಕದಿಂದ:

ಜಗಳ ಆಮೇಲೆ ಆಡಿ. ಮೇಡಂ, ನೀವು ಎರಡು ವಿಷಯವನ್ನು ಒಂದೇ ಪದಕ್ಕೆ ತುರುಕುತ್ತಿದ್ದೀರಿ. ಎಡಬಲ ಒಂದೇ ಥರ ಇಲ್ಲದಿರುವುದು ದೊಡ್ಡ ಮಾತು. ಟಾರ್ಕ್ ಅದರಲ್ಲಿ ಒಂದು ಬಗೆ ಅಷ್ಟೇ. ಬೇರೆಯವೂ ಇವೆ. 1968ರಲ್ಲಿ ಗೆಶ್ವಿಂಡ್ ಮತ್ತು ಲೆವಿಟ್‌ಸ್ಕಿ ಅನ್ನುವ ಸಂಶೋಧಕರು 100 ಮೆದುಳುಗಳನ್ನು ಅಳೆದರು. ಮೆದುಳಿನಲ್ಲಿ ಕಿವಿಯ ಪಕ್ಕಕ್ಕೆ ಬರುವ ಹಾಲೆಯ ಮೇಲ್ಮೈಯಲ್ಲಿ 'ಪ್ಲಾನಂ ಟೆಂಪೊರಾಲೆ' ಅನ್ನುವ ಒಂದು ಬಯಲಿದೆ. 65ರಲ್ಲಿ ಅದು ಎಡಕ್ಕೆ ದೊಡ್ಡದು, 11ರಲ್ಲಿ ಬಲಕ್ಕೆ, ಉಳಿದವು ಹೆಚ್ಚುಕಮ್ಮಿ ಸಮ. ಇದು ಟಾರ್ಕ್ ಅಲ್ಲ. ಎಲ್ಲರಲ್ಲೂ ಹೀಗೇ ಅಂತಲೂ ಇಲ್ಲ. ಟಾರ್ಕ್‌ಗೂ ಇದೇ ಮಾತು. ಹಾಗಾಗಿ ಬೋರ್ಡಿನಲ್ಲಿ 'ಸಾಮಾನ್ಯವಾಗಿ' ಬಿಡಬೇಡಿ.

ದೊಡ್ಡ ಮಾತಿಗೆ 'ಎಡಬಲ ಓರೆಕೋರೆ' ಸಾಕು. ಟಾರ್ಕ್‌ಗೆ 'ತಿರುಚು' ಬೇಡ, ಒಗೆದ ಬಟ್ಟೆ ಹಿಂಡಿದ ಹಾಗಾಗುತ್ತದೆ. 'ತಿರುವು' ಸಾಕು. ಪೆಟಾಲಿಯಕ್ಕೆ 'ಹೊರಚಾಚು'. ಉಬ್ಬು ಅಂದರೆ ಅಪ್ಪ ಅಮ್ಮಂದಿರು ಗಡ್ಡೆ ಅಂದುಕೊಳ್ಳುತ್ತಾರೆ. ಈ ಹೊರಚಾಚಿನ ಗುರುತು ತಲೆಬುರುಡೆಯ ಒಳಮೈ ಮೇಲೂ ಬೀಳುತ್ತದೆ. ಮೆದುಳು ಕೊಳೆತು ಹೋದ ಪಳೆಯುಳಿಕೆ ಬುರುಡೆಗಳಲ್ಲೂ ಇದನ್ನು ಹುಡುಕುವುದು ಅದರಿಂದಲೇ. ಮಕ್ಕಳಿಗೆ ಹೇಳಿ, ಖುಷಿಪಡುತ್ತಾರೆ.

ಪದಕ್ಕಿಂತ ಮುಖ್ಯ ಒಂದಿದೆ. ಪಕ್ಕದಲ್ಲಿ ಸ್ಕ್ಯಾನ್ ಚಿತ್ರ ಅಂಟಿಸುತ್ತೀರಾ? ಅಡ್ಡ ಸೀಳಿದ ಚಿತ್ರವನ್ನು ಸಾಮಾನ್ಯವಾಗಿ ಪಾದದ ಕಡೆಯಿಂದ ನೋಡಿದಂತೆ ಇಡುತ್ತಾರೆ. ಚಿತ್ರದ ಎಡಕ್ಕಿರುವುದು ರೋಗಿಯ ಬಲ. ನಿಮ್ಮ ಮಾದರಿ ಮೇಲಿನಿಂದ ನೋಡಿದ್ದಾದರೆ ಎರಡೂ ಒಂದಕ್ಕೊಂದು ಉಲ್ಟಾ ಹೊಡೆಯುತ್ತವೆ, ತಿರುವಿನ ದಿಕ್ಕೂ ಸೇರಿ. ಎರಡರ ಮೇಲೂ 'ಎಡ', 'ಬಲ' ದಪ್ಪಕ್ಷರದಲ್ಲಿ ಹಾಕಿಸಿ.

ಮಂಡ್ಯದಿಂದ:

ಓರೆಕೋರೆ ಒಪ್ಪಿದೆ. ಆದರೆ ಬಲದ ಮಾತು ಬಿಡಲ್ಲ. ತಮಿಳಲ್ಲಿ ವಲ, ಮಲಯಾಳದಲ್ಲಿ ವಲತ್ತು. ಅವರ ವಳೆ ನಮ್ಮಲ್ಲಿ ಬಳೆ, ಅವರ ವಾ ನಮ್ಮಲ್ಲಿ ಬಾ. ವಲ ಬಲವಾಗಲು ಸಂಸ್ಕೃತ ಯಾಕೆ ಬೇಕು?

ಕುವೆಂಪುನಗರದಿಂದ:

ಎಲ್ಲರಿಗೂ ಥ್ಯಾಂಕ್ಸ್. ಕೊಟ್ಟದ್ದು ಇದು: "ಮೆದುಳಿನ ಎಡಬಲ ಓರೆಕೋರೆ. ಸಾಮಾನ್ಯವಾಗಿ ಬಲಹೋಳಿಗೆ ಮುಂದೆ ಹೊರಚಾಚು, ಎಡಹೋಳಿಗೆ ಹಿಂದೆ ಹೊರಚಾಚು. ಈ ತಿರುವಿಗೆ ಯಾಕೊವ್ಲೆವ್ ಹೆಸರಿದೆ." ಸ್ಕ್ಯಾನ್ ಚಿತ್ರ ನಿಜಕ್ಕೂ ಉಲ್ಟಾ ಇತ್ತು ಸಾರ್, ಬರೆಸಿದೆ.

ಸರಸ್ವತಿಪುರಂನಿಂದ:

ಓರೆಕೋರೆ ಅಂದರೆ ಜನರ ಬಾಯಲ್ಲಿ ಕುಂದುಕೊರತೆ. ಹುಡುಗಿ ಮತ್ತೆ ಕಾಯಿಲೆನಾ ಅಂತ ಕೇಳುತ್ತಾಳೆ. ವಲ-ಬಲದ ಬಗ್ಗೆ ಬೇರೆ ಮೇಲ್ ಹಾಕುತ್ತೇನೆ, ಕಿಟೆಲ್ ನಿಘಂಟು ಮುಂದಿಟ್ಟುಕೊಂಡು ಬನ್ನಿ.