ಅಜ್ಜಿಯ ಡಬ್ಬಿ ಮತ್ತು ಐದು ಲಕ್ಷದ ಫಾರ್ವರ್ಡ್

(ನಮ್ಮ ಮನೆಮಂದಿ ಗುಂಪಿನಲ್ಲಿ ಶನಿವಾರ ನಡೆದದ್ದು. ಶುಭೋದಯದ ಚಿತ್ರಗಳನ್ನು ತೆಗೆದು ಉಳಿದದ್ದನ್ನು ಹಾಗೇ ಹಾಕಿದ್ದೇನೆ.)

ದೊಡ್ಡಪ್ಪ: [ಫಾರ್ವರ್ಡ್] ವೈಷ್ಣೋದೇವಿ ಚಿತ್ರದ 5 ರೂಪಾಯಿ ನಾಣ್ಯ ನಿಮ್ಮ ಬಳಿ ಇದೆಯೇ? 5 ಲಕ್ಷ ಗಳಿಸಿ!! ರಾಮ ಸೀತೆ ಇರುವ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯಕ್ಕೆ 25 ಲಕ್ಷ!!! ಕೂಡಲೇ ಫೋಟೋ ಕಳಿಸಿ.

ದೊಡ್ಡಪ್ಪ: ಎಲ್ಲರೂ ಮನೆಯಲ್ಲಿ ಹುಡುಕಿ. ಅಮ್ಮನ ಡಬ್ಬಿಯಲ್ಲಿ ನನಗೆ ಎರಡೂ ಸಿಕ್ಕಿವೆ.

ಅತ್ತೆ: ನನ್ನ ದೇವರ ಹುಂಡಿಯಲ್ಲೂ ವೈಷ್ಣೋದೇವಿದು ಒಂದಿದೆ ಅಣ್ಣ!

ನಾನು: ದೊಡ್ಡಪ್ಪ, ಆ ನಂಬರಿಗೆ ಏನೂ ಕಳಿಸಬೇಡಿ. ವೈಷ್ಣೋದೇವಿ ನಾಣ್ಯ ಬಂದಿದ್ದು 2012ರಲ್ಲಿ, ಅಲ್ಲಿನ ದೇವಸ್ಥಾನ ಮಂಡಳಿಗೆ 25 ವರ್ಷ ತುಂಬಿತು ಅಂತ. ಚಲಾವಣೆಗೇ ಬಿಟ್ಟಿದ್ದರು. ಅಂಗಡಿಯಲ್ಲಿ ಚಿಲ್ಲರೆಯಾಗಿ ಬರುವ ನಾಣ್ಯಕ್ಕೆ ಐದು ಲಕ್ಷ ಯಾರು ಕೊಡುತ್ತಾರೆ?

ದೊಡ್ಡಪ್ಪ: ಕಳಿಸಿ ಆಯ್ತು. ಅವರು ಒಪ್ಪಿದ್ದಾರೆ. ರಿಸರ್ವ್ ಬ್ಯಾಂಕ್ ಮುದ್ರೆ ಇರುವ ಪತ್ರವೂ ಬಂದಿದೆ. ನೋಂದಣಿಗೆ 1,500 ಕಟ್ಟಬೇಕಂತೆ, ಅಷ್ಟೇ.

ಅಕ್ಕ: ಕಟ್ಟಿದಿರಾ??

ದೊಡ್ಡಪ್ಪ: ಇನ್ನೂ ಇಲ್ಲ. ಪಿನ್ ನೆನಪಾಗುತ್ತಿಲ್ಲ.

ಭಾವ: ದೇವರು ದೊಡ್ಡವನು.

ನಾನು: ಕಟ್ಟಲೇಬೇಡಿ. ಮೊದಲು ನೋಂದಣಿ ಅಂತಾರೆ, ಆಮೇಲೆ ಜಿಎಸ್‌ಟಿ, ಆಮೇಲೆ ಕಮಿಷನ್. ನಿಮ್ಮ ದುಡ್ಡು ಹೋಗುತ್ತಲೇ ಇರುತ್ತದೆ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸಿತ್ತು. ಹಳೇ ನೋಟು, ನಾಣ್ಯದ ಇಂಥ ವ್ಯವಹಾರ ನಾವು ಮಾಡುವುದಿಲ್ಲ, ಶುಲ್ಕ ಕೇಳುವುದಿಲ್ಲ, ನಮ್ಮ ಪರವಾಗಿ ಕೇಳಿ ಅಂತ ಯಾರಿಗೂ ಹೇಳಿಲ್ಲ ಅಂತ.

ದೊಡ್ಡಪ್ಪ: ಸರಿ, ಅದು ಬಿಡು. ರಾಮ ಸೀತೆದು ಹಳೇದೇ ಅಲ್ವಾ? ಅಮ್ಮ ಪೂಜೆ ಮಾಡುತ್ತಿದ್ದಳು.

ನಾನು: ಪೂಜೆಗೆ ಧಾರಾಳವಾಗಿ ಇಡಿ. ಆದರೆ ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಕಂಪನಿಯ ಹೆಸರು, ಹಳೇ ಇಸವಿ ಹಾಕಿ ಆಮೇಲೆ ಯಾರೋ ಮಾಡಿ ಮಾರಿದ್ದು. ಜಾತ್ರೆಯಲ್ಲಿ, ಫುಟ್‌ಪಾತಿನಲ್ಲಿ ಬೇಕಾದಷ್ಟು ಸಿಗುತ್ತವೆ.

ದೊಡ್ಡಪ್ಪ: ಎಲ್ಲದಕ್ಕೂ ಇಲ್ಲ ಅನ್ನುವುದೇ ನಿನ್ನ ಕೆಲಸ ಕಣೋ. ನಿನ್ನೆ ಮೊನ್ನೆ ನಾಣ್ಯ ಕೂಡಿಡಲು ಶುರು ಮಾಡಿದವನು ನನಗೆ ಪಾಠ ಹೇಳುತ್ತೀಯಾ? ಇವೆಲ್ಲಾ ಸುಳ್ಳಾ, ನೋಡು.

ದೊಡ್ಡಪ್ಪ: [ಫೋಟೋ]

ನಾನು: ಅಯ್ಯೋ. ಇಷ್ಟು ಹೊಳೆಯುತ್ತಿವೆಯಲ್ಲ, ಏನು ಹಾಕಿದಿರಿ?

ದೊಡ್ಡಪ್ಪ: ಹುಣಸೆಹಣ್ಣು, ಉಪ್ಪು. ಬೆಳಗ್ಗೆಯಿಂದ ಕೂತು ತಿಕ್ಕಿದ್ದೇನೆ. ಕಿಲುಬು ಹಿಡಿದಿದ್ದನ್ನು ಯಾರು ಕೊಳ್ಳುತ್ತಾರೆ?

ಅತ್ತೆ: ಚೆನ್ನಾಗಿ ಕಾಣುತ್ತಿವೆ ಅಣ್ಣ.

ನಾನು: ಅತ್ತೆ, ಇದು ಪೂಜೆ ಪಾತ್ರೆ ಅಲ್ಲ. ಹಸಿರು ಪುಡಿ ಉದುರುತ್ತಿದ್ದರೆ ಅದು ಕಿಲುಬು. ತಾಮ್ರದ ಮೇಲೆ ವರ್ಷಗಟ್ಟಲೆ ಕೂತ ಕಂದು ಬಣ್ಣ ಬೇರೆ, ಅದು ನಾಣ್ಯವನ್ನು ಕಾಯುತ್ತದೆ. ಹುಳಿ ಹಾಕಿ ತಿಕ್ಕಿದರೆ ಅದರ ಜೊತೆ ಲೋಹದ ಮೇಲ್ಪದರವೂ ಹೋಗುತ್ತದೆ. ಅಕ್ಷರದ ಏಣು ಸವೆಯುತ್ತದೆ. ಸಂಗ್ರಹ ಮಾಡುವವರು ಒಂದು ಸಲ ಓರೆ ಮಾಡಿ ನೋಡಿದರೆ ಸಾಕು, ಉಜ್ಜಿದ ಗೀರು ಕಾಣುತ್ತದೆ, ಬೆಲೆ ಇಳಿಯುತ್ತದೆ. ಉಳಿದವನ್ನು ದಯವಿಟ್ಟು ಮುಟ್ಟಬೇಡಿ. ಮುಟ್ಟಿದರೂ ಅಂಚು ಹಿಡಿಯಿರಿ.

ಪುಟ್ಟಿ (ಅಕ್ಕನ ಫೋನಿಂದ): ಮಾಮ, ನಡುವೆ ತೂತು ಇದೆಯಲ್ಲ, ಅದು ಯಾಕೆ?

ನಾನು: ಎರಡನೇ ಮಹಾಯುದ್ಧದಲ್ಲಿ ಲೋಹಕ್ಕೆ ಬರ ಬಂತು ಪುಟ್ಟಿ. ಉಳಿಸಲು ನಡುವೆ ತೂತು ಬಿಟ್ಟರು. 1943ರಿಂದ 47ರವರೆಗೆ ಬಂದ ಕಾಸು ಅದು. 64 ಕೂಡಿಸಿದರೆ ಒಂದು ರೂಪಾಯಿ.

ಭಾವ: ವಾಷರ್ ಅಂದುಕೊಂಡು ನಲ್ಲಿಗೆ ಹಾಕಿಬಿಟ್ಟೀರಿ ಮತ್ತೆ.

ದೊಡ್ಡಪ್ಪ: ತಮಾಷೆ ಸಾಕು. ಹುಲಿ ಇರುವ 1947ರ ರೂಪಾಯಿ ಇದೆಯಲ್ಲ, ಅದು ಅಪ್ಪಟ ಬೆಳ್ಳಿ.

ನಾನು: ಫ್ರಿಜ್ ಮೇಲಿನ ಅಯಸ್ಕಾಂತ ಹಿಡಿದು ನೋಡಿ ದೊಡ್ಡಪ್ಪ.

ದೊಡ್ಡಪ್ಪ: ಅಂಟಿತು.

ನಾನು: ನಿಕ್ಕಲ್. ಬೆಳ್ಳಿ ಆಗಿದ್ದರೆ ಅಂಟುತ್ತಿರಲಿಲ್ಲ. 1940ರಲ್ಲೇ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದ್ದರು, 47ರದರಲ್ಲಿ ಬೆಳ್ಳಿಯೇ ಇಲ್ಲ.

ಪುಟ್ಟಿ: ನಾನೂ ಕೂಡಿಡಬೇಕು. ಎಷ್ಟು ದುಡ್ಡು ಬೇಕು?

ನಾನು: ಒಂದು ಪೈಸೆಯೂ ಬೇಡ. ಅಮ್ಮನ ಪರ್ಸಿನ ಚಿಲ್ಲರೆ ಸುರಿ. ಇಸವಿಯ ಕೆಳಗೆ ನೋಡು. ಪುಟ್ಟ ವಜ್ರದ ಆಕಾರ ಇದ್ದರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಒಂದು ರೂಪಾಯಿಯನ್ನೇ ಹಿಡಿದು, ಪ್ರತಿ ಇಸವಿಗೆ ಯಾವ್ಯಾವ ಗುರುತು ಸಿಗುತ್ತೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೋ. ಎಲ್ಲವನ್ನೂ ಗುಡ್ಡೆ ಹಾಕಿದರೆ ಅದು ಸಂಗ್ರಹ ಅಲ್ಲ, ಹುಂಡಿ. ಅಗ್ಗದ ಪಿವಿಸಿ ಆಲ್ಬಮ್ ಬೇಡ, ಸ್ವಲ್ಪ ದಿನಕ್ಕೆ ಅಂಟಂಟಾಗಿ ನಾಣ್ಯ ಹಾಳಾಗುತ್ತದೆ. ಸದ್ಯಕ್ಕೆ ಒಂದೊಂದನ್ನೂ ಪುಟ್ಟ ಕಾಗದದ ಕವರಿನಲ್ಲಿಡು.

ಅಕ್ಕ: ಉಡುಪಿಗೆ ಹೋದಾಗ ಇವಳಿಗೆ ನಾಣ್ಯದ ಮ್ಯೂಸಿಯಂ ತೋರಿಸಬೇಕು. ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿದೆ, 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಶುರು ಮಾಡಿದವರು.

ದೊಡ್ಡಪ್ಪ: ಮ್ಯೂಸಿಯಂ ಆಮೇಲೆ. ತಿಕ್ಕದೇ ಇರೋದು ಒಂದಿದೆ. ಐದನೇ ಜಾರ್ಜ್, 1911, ಒಂದು ರೂಪಾಯಿ. ಇದಕ್ಕೂ ಇಲ್ಲ ಅನ್ನು ನೋಡೋಣ.

ನಾನು: 1911? ನಿಜವಾಗಿ? ದೊಡ್ಡಪ್ಪ, ಅದನ್ನು ಕೆಳಗಿಡಿ, ಮೃದುವಾದ ಬಟ್ಟೆಯ ಮೇಲೆ. ಆ ವರ್ಷದ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲೆ ಚಿಕ್ಕ ಆನೆ ಇದೆ. ಸೊಂಡಿಲು ಗಿಡ್ಡವಾಗಿ, ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಗಲಾಟೆಯಾಗಿ ವಾಪಸ್ ತೆಗೆದುಕೊಂಡು ಬಹಳಷ್ಟನ್ನು ಕರಗಿಸಿದರು, 1912ರಲ್ಲಿ ಆನೆಯನ್ನು ತಿದ್ದಿದರು. ಅದಕ್ಕೇ ಅದನ್ನು ಈಗಲೂ ಹುಡುಕುತ್ತಾರೆ. ಇಸವಿಯ ಫೋಟೋ ಹತ್ತಿರದಿಂದ ಕಳಿಸಿ.

ದೊಡ್ಡಪ್ಪ: [ಫೋಟೋ]

ಅತ್ತೆ: ಒಂದ್ನಿಮಿಷ. ಅಮ್ಮನ ಡಬ್ಬಿ ನಿಮ್ಮ ಮನೆಗೆ ಯಾವಾಗ ಹೋಯ್ತು ಅಣ್ಣ?

ಪುಟ್ಟಿ: ದೊಡ್ಡದು ಮಾಡಿ ನೋಡಿದೆ. ಅದು 1 ಅಲ್ಲ, 7. 1917.

ನಾನು: ಪುಟ್ಟಿ ಹೇಳಿದ್ದೇ ಸರಿ. ಮೊದಲ ಮಹಾಯುದ್ಧದ ಕಾಲದ್ದು, ರಾಶಿ ರಾಶಿ ಅಚ್ಚು ಹಾಕಿದ್ದರು. ಅಪರೂಪ ಅಲ್ಲ. ಆದರೆ ಅಸಲಿ. 11.66 ಗ್ರಾಂ ತೂಗಬೇಕು, ನೂರಕ್ಕೆ ತೊಂಬತ್ತೊಂದರ ಮೇಲೆ ಬೆಳ್ಳಿ.

ದೊಡ್ಡಪ್ಪ: ನೋಡಿದ್ಯಾ, ಬೆಳ್ಳಿ! ಆ ನಂಬರಿನವನನ್ನು ಬ್ಲಾಕ್ ಮಾಡಿದೆ. ಇದನ್ನು ನಾನು ಮಾರುವುದೂ ಇಲ್ಲ.

ಅತ್ತೆ: ಮಾರಬೇಡಿ. ಭಾನುವಾರ ಡಬ್ಬಿ ಇಲ್ಲಿಗೆ ತನ್ನಿ. ಪುಟ್ಟಿ ಕೂತು ಒಂದೊಂದೂ ಬರೆದುಕೊಳ್ಳಲಿ, ಆಮೇಲೆ ಯಾರಿಗೆ ಏನು ಅಂತ ನೋಡೋಣ. ಅಮ್ಮನಿಗೆ ನಾವು ಮೂವರು ಮಕ್ಕಳು.