ಬಿಸಿ ಡಾಂಬರು ಹಾಸಿನಲ್ಲಿ ಉಷ್ಣತೆಯ ಏರುಪೇರು: ಪ್ಲಾಂಟಿನಲ್ಲಿ ತಾಪ ಹೆಚ್ಚಿಸಿದರೆ ಸರಿಹೋಗುತ್ತದೆಯೇ?

ಪ್ರಶ್ನೆ – ಸೈಟ್ ಎಂಜಿನಿಯರ್, ಸಿಂಧನೂರು

ಎಲ್ಲರಿಗೂ ನಮಸ್ಕಾರ. ಸಿಂಧನೂರು ತಾಲ್ಲೂಕಿನ ಒಂದು ರಸ್ತೆಗೆ 50 ಮಿ.ಮೀ. ದಪ್ಪದ ಬಿಟುಮಿನಸ್ ಕಾಂಕ್ರೀಟ್ ಮೇಲ್ಪದರವನ್ನು ಅರ್ಧರ್ಧ ಅಗಲದಂತೆ, ಅಂದರೆ 3.5 ಮೀಟರಿನ ಪಟ್ಟಿಗಳಾಗಿ ಹಾಕಿಸುತ್ತಿದ್ದೇವೆ. ಬಿಟುಮೆನ್ (ಜಲ್ಲಿಯನ್ನು ಹಿಡಿದಿಡುವ ಡಾಂಬರು) ವಿಜಿ-30 ದರ್ಜೆಯದು. ಹಾಟ್ ಮಿಕ್ಸ್ ಪ್ಲಾಂಟ್ ಕೊಪ್ಪಳ ಜಿಲ್ಲೆಯ ಕಡೆ ಸುಮಾರು 45 ಕಿ.ಮೀ. ದೂರದಲ್ಲಿದೆ. ತಲಾ 16 ಟನ್ ತರುವ ಎಂಟು ಟಿಪ್ಪರ್‌ಗಳಿವೆ. ತುಂಬುವುದು, ತೂಕ, ಪ್ರಯಾಣ, ಸರದಿ, ಸುರಿಯುವುದು ಎಲ್ಲ ಸೇರಿ ಒಂದು ಸುತ್ತಿಗೆ ಹತ್ತಿರ ಹತ್ತಿರ ಮೂರು ಗಂಟೆ ಹಿಡಿಯುತ್ತದೆ.

ಪ್ಲಾಂಟಿನ ಚೀಟಿಯಲ್ಲಿ 160 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಸೈಟಿಗೆ ಬಂದಾಗ ಟಿಪ್ಪರಿನ ನಡುವೆ ಕಡ್ಡಿ ಥರ್ಮಾಮೀಟರ್ ಚುಚ್ಚಿ ನೋಡಿದರೆ 150ರ ಆಸುಪಾಸು ಸಿಗುವುದರಿಂದ ಮಾಲನ್ನು ಸ್ವೀಕರಿಸುತ್ತೇವೆ. ಆದರೂ ರೋಲಿಂಗ್ ಮುಗಿದ ಮೇಲೆ 35ರಿಂದ 40 ಮೀಟರಿಗೊಂದರಂತೆ ಒರಟಾದ, ರಂಧ್ರ ಬಿಟ್ಟುಕೊಂಡಂತಹ ಪಟ್ಟೆಗಳು ಕಾಣಿಸಿಕೊಳ್ಳುತ್ತಿವೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಪೇವರಿನ (ಮಾಲನ್ನು ರಸ್ತೆಗೆ ಹಾಸುವ ಯಂತ್ರದ) ಹಿಂದೆಯೇ ನಡೆದಾಗ ಉಳಿದೆಡೆ 142ರಿಂದ 145 ಡಿಗ್ರಿ ಇದ್ದ ಹಾಸು ಈ ಜಾಗಗಳಲ್ಲಿ 110ಕ್ಕೆ ಇಳಿದಿತ್ತು. ಕೋರ್ (ಪದರದಿಂದ ಕೊರೆದ ಮಾದರಿ) ತೆಗೆಸಿದಾಗ ಒಳ್ಳೆಯ ಜಾಗದಲ್ಲಿ ಗರಿಷ್ಠ ಸೈದ್ಧಾಂತಿಕ ಸಾಂದ್ರತೆಯ (ಗಾಳಿರಂಧ್ರವೇ ಇಲ್ಲದಿದ್ದರೆ ಇರುವ ಸಾಂದ್ರತೆಯ) ಶೇ. 94, ಪಟ್ಟೆಗಳಲ್ಲಿ ಶೇ. 89 ಬಂದಿದೆ.

ಬಿಸಿಲು 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಮಿಶ್ರಣ ಇಷ್ಟು ತಣ್ಣಗಾಗುವುದು ಹೇಗೆ? ಪ್ಲಾಂಟಿನವರಿಗೆ 175 ಡಿಗ್ರಿಗೆ ಏರಿಸಲು ಹೇಳಬೇಕೆಂದು ಗುತ್ತಿಗೆದಾರರ ಕಡೆಯವರು ಸೂಚಿಸುತ್ತಿದ್ದಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 – ಹಾಟ್ ಮಿಕ್ಸ್ ಪ್ಲಾಂಟ್ ನಿರ್ವಹಣೆ, ಬಳ್ಳಾರಿ

ತಾಪ ಏರಿಸಬೇಡಿ. ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಯ ಪ್ರಕಾರ ವಿಜಿ-30 ಬಳಸಿದ ಮಿಶ್ರಣ 150ರಿಂದ 165 ಡಿಗ್ರಿಯೊಳಗೆ ಇರಬೇಕು, ಹಾಸುವಾಗ 140ಕ್ಕಿಂತ ಕಡಿಮೆಯಿರಬಾರದು, ರೋಲಿಂಗ್ 90ಕ್ಕೆ ಇಳಿಯುವ ಮೊದಲೇ ಮುಗಿಯಬೇಕು. 175ಕ್ಕೆ ಹೋದರೆ ಕಲ್ಲಿನ ಮೇಲೆ ತೆಳುವಾಗಿ ಹರಡಿಕೊಂಡಿರುವ ಬಿಟುಮೆನ್ ಬೇಗನೆ ಆಕ್ಸಿಡೀಕರಣಗೊಂಡು ಗಡುಸಾಗುತ್ತದೆ. ಹಲವು ವರ್ಷಗಳ ಬಿಸಿಲು ಮಾಡಬೇಕಾದ ಹಾನಿಯನ್ನು ಪ್ಲಾಂಟಿನಲ್ಲೇ ಮಾಡಿ ಕಳುಹಿಸಿದಂತಾಗುತ್ತದೆ. ಇಷ್ಟಾಗಿಯೂ ನಿಮ್ಮ ಪಟ್ಟೆಗಳು ಹೋಗುವುದಿಲ್ಲ. ನಿಮ್ಮಲ್ಲಿ ಕೊರತೆಯಿರುವುದು ಸರಾಸರಿ ಶಾಖದಲ್ಲಲ್ಲ. ಒಂದೇ ಲೋಡಿನೊಳಗೆ ಬಿಸಿ ಮತ್ತು ತಣ್ಣನೆಯ ಭಾಗಗಳು ಬೇರೆ ಬೇರೆಯಾಗಿ ಬಂದು, ಬೇರೆ ಬೇರೆಯಾಗಿಯೇ ರಸ್ತೆಗೆ ಇಳಿಯುತ್ತಿವೆ.

ನೀವು ಕೊಟ್ಟ ಅಂಕಿಗಳೇ ಇದನ್ನು ಹೇಳುತ್ತವೆ. 50 ಮಿ.ಮೀ. ದಪ್ಪ, 3.5 ಮೀಟರ್ ಅಗಲ, ಘನ ಮೀಟರಿಗೆ ಅಂದಾಜು 2.4 ಟನ್ ಎಂದು ಹಿಡಿದರೆ ಒಂದು ಮೀಟರ್ ಉದ್ದಕ್ಕೆ 0.42 ಟನ್ ಬೇಕು. ಹಾಗಾದರೆ 16 ಟನ್ನಿನ ಒಂದು ಟಿಪ್ಪರ್ ಸುಮಾರು 38 ಮೀಟರ್ ಹಾಸುತ್ತದೆ. ನಿಮ್ಮ ಪಟ್ಟೆಗಳ ನಡುವಿನ ಅಂತರವೂ ಅಷ್ಟೇ. ಪ್ರತಿ ಲೋಡಿನ ಕೊನೆ ಎಲ್ಲಿ ಬೀಳುತ್ತದೆಯೋ ಅಲ್ಲಿ ಪಟ್ಟೆ ಮೂಡುತ್ತಿದೆ.

ಡಾಂಬರು ಮಿಶ್ರಣ ಶಾಖವನ್ನು ಸುಲಭವಾಗಿ ಸಾಗಿಸುವ ವಸ್ತುವಲ್ಲ. ಕಾಯಿಸಿದ ಹಾಲಿಗೆ ಕೆನೆ ಕಟ್ಟಿದಂತೆ ಲೋಡಿನ ಮೇಲ್ಮೈಗೂ ಟಿಪ್ಪರಿನ ತಗಡಿಗೆ ತಾಗಿದ ಬದಿಗಳಿಗೂ ತಣ್ಣನೆಯ ಪದರ ಕಟ್ಟುತ್ತದೆ, ಒಳಗಿನ ಮಾಲು ಮಾತ್ರ ಹೊರಟಾಗಿನಷ್ಟೇ ಬಿಸಿಯಾಗಿರುತ್ತದೆ. ನೀವು ಕಡ್ಡಿ ಚುಚ್ಚುವುದು ಆ ಒಡಲಿಗೆ. ನಾಳೆ ಮೇಲ್ಪದರದಲ್ಲೂ ಬದಿಯಲ್ಲೂ ಒಂದೆರಡು ಅಂಗುಲ ಆಳದಲ್ಲಿ ಅಳೆದು ನೋಡಿ, ಮೂವತ್ತು ನಲವತ್ತು ಡಿಗ್ರಿಯ ಅಂತರ ಸಿಕ್ಕರೆ ಅಚ್ಚರಿಪಡಬೇಕಾಗಿಲ್ಲ. ಹೊರಗಿನ ಗಾಳಿ 40 ಡಿಗ್ರಿಯಿದ್ದರೂ 160 ಡಿಗ್ರಿಯ ಮಾಲಿಗೆ ಅದು ತಂಪುಗಾಳಿಯೇ; ಓಡುವ ಟಿಪ್ಪರಿನ ಮೇಲೆ ಅದು ಬಿಡುವಿಲ್ಲದೆ ಬೀಸುತ್ತಿರುತ್ತದೆ.

ನಮ್ಮ ಕಡೆಯಿಂದ ಆಗಬೇಕಾದ ಕೆಲಸವೆಂದರೆ, ಮೊದಲು ತಾಡಪತ್ರಿ. ನಮ್ಮ ಭಾಗದ ಟಿಪ್ಪರ್‌ಗಳಲ್ಲಿ ಅದನ್ನು ಹೊದಿಸುವುದಕ್ಕಿಂತ ಮಡಚಿ ಇಟ್ಟುಕೊಳ್ಳುವುದೇ ಹೆಚ್ಚು. ಹರಿಯದ, ದಪ್ಪನೆಯ ತಾಡಪತ್ರಿ ನಾಲ್ಕೂ ಬದಿಗಳಿಂದ ಕೆಳಗಿಳಿದು ಬಿಗಿಯಾಗಿ ಕಟ್ಟಿರಬೇಕು. ನಡುವೆ ಸಡಿಲ ಬಿಟ್ಟು ಪಟಪಟ ಹಾರಾಡುವ ಹೊದಿಕೆಯ ಅಡಿಯಲ್ಲಿ ಗಾಳಿ ಓಡಾಡಿ ಶಾಖವನ್ನು ಕದ್ದೊಯ್ಯುತ್ತದೆ. ಸೈಟಿನಲ್ಲಿ ಸರದಿಗೆ ನಿಂತಾಗಲೂ, ಸುರಿಯುವ ಗಳಿಗೆಯವರೆಗೂ ಅದು ಇರಲಿ. ಎರಡನೆಯದಾಗಿ, ಮಾಲನ್ನು ಒಂದೇ ರಾಶಿಯಾಗಿ ಸುರಿಯದೆ ಮೊದಲು ಮುಂಭಾಗ, ನಂತರ ಹಿಂಭಾಗ, ಕೊನೆಗೆ ನಡುವೆ ಎಂದು ಮೂರು ಸಲ ಟಿಪ್ಪರನ್ನು ಸರಿಸಿ ತುಂಬಿಸಬೇಕು. ಒಂದೇ ರಾಶಿಯಾದರೆ ದಪ್ಪ ಜಲ್ಲಿ ಉರುಳಿ ಅಂಚಿಗೆ ಸೇರುತ್ತದೆ, ಆ ಅಂಚೇ ಮೊದಲು ತಣ್ಣಗಾಗುತ್ತದೆ. ಕಲ್ಲಿನ ವಿಂಗಡಣೆ, ಶಾಖದ ವಿಂಗಡಣೆ ಎರಡೂ ಒಂದೇ ಜಾಗದಲ್ಲಿ ಕೂಡಿಬೀಳುವುದು ಹೀಗೆ.

ಉತ್ತರ 2 – ಪೇವರ್ ಮೇಲ್ವಿಚಾರಕ, ಗಂಗಾವತಿ

ಪ್ಲಾಂಟಿನವರ ಲೆಕ್ಕ ಸರಿಯಾಗಿದೆ. ಆದರೆ ತಣ್ಣನೆಯ ಮಾಲು ಪಟ್ಟೆಯಾಗಿ ಇಳಿಯುವುದಕ್ಕೆ ಪೇವರ್ ನಡೆಸುವ ಕ್ರಮವೇ ಅರ್ಧ ಕಾರಣ ಎಂಬುದನ್ನು ಸೇರಿಸಬೇಕು.

ನಮ್ಮಲ್ಲಿ ಬಹುತೇಕ ಆಪರೇಟರ್‌ಗಳು ಪ್ರತಿ ಟಿಪ್ಪರ್ ಮುಗಿದ ಕೂಡಲೇ ಹಾಪರನ್ನು (ಪೇವರಿನ ಮುಂದಿರುವ, ಮಾಲು ಬೀಳುವ ತೊಟ್ಟಿಯನ್ನು) ಪೂರ್ತಿ ಖಾಲಿ ಮಾಡಿ ಅದರ ಎರಡೂ ಬದಿಯ ರೆಕ್ಕೆಗಳನ್ನು ಮಡಚುತ್ತಾರೆ. ರೆಕ್ಕೆಗಳ ಮೂಲೆಯಲ್ಲಿ ಕುಳಿತ ಮಾಲು ಇಡೀ ಲೋಡಿನಲ್ಲೇ ಅತಿ ತಣ್ಣನೆಯದು. ಖಾಲಿ ಹಾಪರಿಗೆ ಅದು ಒಮ್ಮೆಗೇ ಜಾರಿಬಿದ್ದು, ಕನ್ವೇಯರ್ ಮೇಲೇರಿ, ಬಿಸಿ ಮಾಲಿನೊಂದಿಗೆ ಬೆರೆಯುವ ಅವಕಾಶವೇ ಇಲ್ಲದೆ ನೇರವಾಗಿ ಸ್ಕ್ರೀಡಿನ (ಹಾಸನ್ನು ಸಮ ಮಾಡುವ ಪೇವರಿನ ಹಿಂಭಾಗದ) ಅಡಿಗೆ ಹೋಗುತ್ತದೆ. ನೀವು ಕಂಡ 110 ಡಿಗ್ರಿಯ ಜಾಗ ಅದೇ ಇರಬೇಕು. ಆದ್ದರಿಂದ ಹಾಪರಿನಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಾಲು ಇರುವಾಗಲೇ ಮುಂದಿನ ಟಿಪ್ಪರ್ ಸುರಿಯಲಿ. ಟಿಪ್ಪರಿನ ತೊಟ್ಟಿಯನ್ನು ಸ್ವಲ್ಪ ಎತ್ತಿ ಮಾಲು ಹಿಂಬಾಗಿಲಿಗೆ ಒತ್ತಿಕೊಂಡ ಮೇಲೆ ಬಾಗಿಲು ತೆರೆಯಲಿ, ಆಗ ಅದು ಚೂರುಚೂರಾಗಿ ಉದುರದೆ ಒಟ್ಟಾಗಿ ಇಳಿಯುತ್ತದೆ. ರೆಕ್ಕೆಗಳನ್ನು ದಿನದ ಕೊನೆಯವರೆಗೆ ಮಡಚದಿರುವುದೇ ಒಳ್ಳೆಯದು. ಕೊನೆಯಲ್ಲಿ ಅಲ್ಲಿ ಉಳಿದ ಗಟ್ಟಿ ಮಾಲನ್ನು ಎಸೆಯಿರಿ. ಅದು ಒಂದೆರಡು ಗೂಡೆಯಷ್ಟು ನಷ್ಟ, ಅದನ್ನು ರಸ್ತೆಗೆ ಹಾಕಿದರೆ ಆಗುವ ನಷ್ಟದ ಮುಂದೆ ಏನೂ ಅಲ್ಲ.

ಇನ್ನು ವೇಗದ ವಿಷಯ. ಎಂಟು ಟಿಪ್ಪರ್‌ಗಳು ಮೂರು ಗಂಟೆಗೊಮ್ಮೆ 16 ಟನ್ ತಂದರೆ ಗಂಟೆಗೆ ಸಿಗುವುದು ಸುಮಾರು 43 ಟನ್, ಅಂದರೆ 100 ಮೀಟರ್ ಚಿಲ್ಲರೆ. ನಿಮಿಷಕ್ಕೆ 1.7 ಮೀಟರ್ ಆಯಿತು. ನಿಮ್ಮ ಆಪರೇಟರ್ ನಿಮಿಷಕ್ಕೆ ನಾಲ್ಕು ಮೀಟರ್ ಓಡಿಸಿ ಮುಂದಿನ ಟಿಪ್ಪರಿಗಾಗಿ ಕಾಲು ಗಂಟೆ ನಿಲ್ಲುತ್ತಿದ್ದರೆ, ಆ ನಿಲುಗಡೆಯಲ್ಲಿ ಸ್ಕ್ರೀಡಿನ ಮುಂದಿನ ಮಾಲು, ಸ್ಕ್ರೀಡಿನ ಅಡಿಯ ಮಾಲು, ಸ್ಕ್ರೀಡಿಗೂ ರೋಲರಿಗೂ ನಡುವೆ ಉಳಿದ ಹಾಸು ಮೂರೂ ತಣ್ಣಗಾಗುತ್ತವೆ. ಪೇವರ್ ನಿಧಾನವಾಗಿ ಹೋಗಲಿ, ನಿಲ್ಲದೆ ಹೋಗಲಿ. ಬೆಳಿಗ್ಗೆ ಮೂರ್ನಾಲ್ಕು ಟಿಪ್ಪರ್ ಸೈಟಿಗೆ ಬಂದು ಸೇರುವವರೆಗೆ ಕೆಲಸ ಆರಂಭಿಸಬೇಡಿ, ಆ ಹೊತ್ತಿನಲ್ಲಿ ಸ್ಕ್ರೀಡನ್ನು ಚೆನ್ನಾಗಿ ಕಾಯಿಸಿಕೊಳ್ಳಿ. ದಿನಕ್ಕೆ ಹೆಚ್ಚು ಉದ್ದ ಬೇಕೆಂದರೆ ಟಿಪ್ಪರ್‌ಗಳನ್ನು ಹೆಚ್ಚಿಸಬೇಕೇ ಹೊರತು ಪೇವರಿನ ವೇಗವನ್ನಲ್ಲ.

ಉತ್ತರ 3 – ಗುಣಮಟ್ಟ ಪರೀಕ್ಷೆ, ರಾಯಚೂರು

ಅಳತೆಯ ಬಗ್ಗೆ ಮತ್ತು ಇದನ್ನು ಏಕೆ ಹಗುರವಾಗಿ ನೋಡಬಾರದು ಎಂಬುದರ ಬಗ್ಗೆ ಬರೆಯುತ್ತೇನೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1990ರ ದಶಕದ ನಡುಭಾಗದಿಂದ ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದು ಹೊಸ ಹಾಸನ್ನು ಪರೀಕ್ಷಿಸಿದಾಗ, ಹೀಗೆ ಲೋಡಿಗೊಂದರಂತೆ ಮರುಕಳಿಸುವ ತಣ್ಣನೆಯ ಜಾಗಗಳಲ್ಲೇ ಸಾಂದ್ರತೆಯೂ ಕುಸಿಯುತ್ತದೆ ಎಂಬುದು ಸ್ಪಷ್ಟವಾಯಿತು. ಅಲ್ಲಿಂದ ಬಳಕೆಗೆ ಬಂದ ಮಿತಿ 25 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 14 ಡಿಗ್ರಿ ಸೆಲ್ಸಿಯಸ್. ಸ್ಕ್ರೀಡಿನ ಹಿಂದೆ ರೋಲಿಂಗ್‌ಗೆ ಮುಂಚೆ ಹಾಸಿನೊಳಗಿನ ಅಂತರ ಇದನ್ನು ದಾಟಿದರೆ ಕ್ರಮ ಕೈಗೊಳ್ಳಬೇಕು; 28 ಡಿಗ್ರಿ ದಾಟಿದರೆ ತೀವ್ರವೆಂದು ಪರಿಗಣಿಸುತ್ತಾರೆ. ನಿಮ್ಮಲ್ಲಿ 30 ಡಿಗ್ರಿಯನ್ನೂ ಮೀರಿದೆ.

ಶೇ. 94 ಮತ್ತು ಶೇ. 89ರ ನಡುವಿನ ಐದು ಅಂಶ ಕಾಗದದ ಮೇಲೆ ಚಿಕ್ಕದಾಗಿ ಕಾಣಬಹುದು. ಒಂದರಲ್ಲಿ ಗಾಳಿರಂಧ್ರ ಶೇ. 6, ಇನ್ನೊಂದರಲ್ಲಿ ಶೇ. 11. ರಂಧ್ರಗಳು ಶೇ. 7ರಿಂದ ಮೇಲೆ ಒಂದೊಂದು ಅಂಶ ಹೆಚ್ಚಿದಂತೆ ಪದರದ ಆಯಸ್ಸು ಹತ್ತನೇ ಒಂದು ಭಾಗದಷ್ಟು ಕುಗ್ಗುತ್ತದೆ ಎಂಬುದು ರಸ್ತೆ ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತಿರುವ ಸ್ಥೂಲ ಅಂದಾಜು. ರಂಧ್ರಗಳು ಶೇ. 8 ದಾಟಿದಾಗ ಅವು ಒಂದಕ್ಕೊಂದು ಕೂಡಿಕೊಂಡು ನೀರಿಗೆ ದಾರಿ ಬಿಡುತ್ತವೆ. ನಮ್ಮ ಭಾಗದ ಜಲ್ಲಿ ಹೆಚ್ಚಾಗಿ ಗ್ರಾನೈಟಿನದು, ಅದರ ಮೇಲಿಂದ ನೀರು ಬಿಟುಮೆನನ್ನು ಸುಲಭವಾಗಿ ಕೀಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಪ್ರದೇಶದಲ್ಲಿ ಅಡಿಯಲ್ಲಿ ಕಪ್ಪು ಮಣ್ಣು, ಪಕ್ಕದಲ್ಲಿ ನೀರು ನಿಂತ ಗದ್ದೆ, ಮೇಲೆ ಭತ್ತ ತುಂಬಿದ ಲಾರಿಗಳು. ಸರಾಸರಿ ಶೇ. 93 ಎಂದು ವರದಿ ಬರೆದು ಕೈತೊಳೆದುಕೊಂಡರೂ ಗುಂಡಿ ಬೀಳುವುದು ಸರಾಸರಿಯ ಜಾಗದಲ್ಲಲ್ಲ, ಶೇ. 89ರ ಜಾಗದಲ್ಲಿ.

ನಿಮ್ಮ ಕೈಯಲ್ಲಿರುವ ಇನ್‌ಫ್ರಾರೆಡ್ ಥರ್ಮಾಮೀಟರ್ ಮೇಲ್ಮೈಯನ್ನು ಮಾತ್ರ ಓದುತ್ತದೆ ಎಂಬುದನ್ನು ನೆನಪಿಡಿ. ಹೊಗೆಯಾಡುವಾಗ ಅಥವಾ ದೂರದಿಂದ ಓರೆಯಾಗಿ ಹಿಡಿದಾಗ ತಪ್ಪು ತೋರಿಸಬಹುದು, ಹಾಗಾಗಿ ಹತ್ತಿರದಿಂದ, ನೇರವಾಗಿ, ಎಲ್ಲೆಡೆ ಒಂದೇ ಎತ್ತರದಿಂದ ಓದಿ. ಪ್ರತಿ ಲೋಡಿಗೆ ಎಡ, ನಡು, ಬಲ ಎಂದು ಓದುತ್ತಾ ಹೋಗಿ, ಟಿಪ್ಪರ್ ಬದಲಾದ ಜಾಗವನ್ನು ಸುಣ್ಣದಿಂದ ಗುರುತಿಸಿ. ಸಾಂದ್ರತೆಯ ಕೋರ್‌ಗಳಲ್ಲಿ ಕೆಲವನ್ನಾದರೂ ಆ ಗುರುತಿನ ಜಾಗದಿಂದಲೇ ತೆಗೆಸಿ. ಬಾಡಿಗೆಗೆ ಥರ್ಮಲ್ ಕ್ಯಾಮೆರಾ ಸಿಕ್ಕರೆ ಒಂದೇ ದಿನ ತರಿಸಿ, ಆಪರೇಟರಿಗೂ ಟಿಪ್ಪರ್ ಚಾಲಕರಿಗೂ ಚಿತ್ರವನ್ನು ತೋರಿಸಿ. ಸುತ್ತೋಲೆ ಓದಿ ಹೇಳುವುದಕ್ಕಿಂತ ಅದು ಚೆನ್ನಾಗಿ ಮನಸ್ಸಿಗೆ ನಾಟುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ರೆಕ್ಕೆ ಮಡಚುವುದನ್ನು ಇಂದು ನಿಲ್ಲಿಸಿ, ವೇಗವನ್ನು ನಿಮಿಷಕ್ಕೆ ಎರಡು ಮೀಟರಿಗಿಂತ ಕಡಿಮೆ ಇಟ್ಟು ನೋಡಿದೆವು. ಟಿಪ್ಪರ್ ಬದಲಾದ ಜಾಗಗಳಲ್ಲಿ ಅಂತರ 15ರಿಂದ 18 ಡಿಗ್ರಿಗೆ ಇಳಿದಿದೆ. ತಾಡಪತ್ರಿಗಳನ್ನು ಬದಲಾಯಿಸಲು ಹೇಳಿದ್ದೇವೆ.

ಇನ್ನು ಎರಡು ಪ್ರಶ್ನೆಗಳಿವೆ. ಟಿಪ್ಪರಿಗೂ ಪೇವರಿಗೂ ನಡುವೆ ಮಾಲನ್ನು ಮತ್ತೆ ಕಲಸಿ ಕೊಡುವ ಯಂತ್ರ ಇದೆಯೆಂದು ಓದಿದ್ದೇನೆ; ಅದು ಬೇಕೇ? ಈಗಾಗಲೇ ಹಾಕಿರುವ ಪಟ್ಟೆಗಳನ್ನು ಏನು ಮಾಡಬೇಕು? ಮಧ್ಯಾಹ್ನದ ಬಿಸಿಲಿನಲ್ಲಿ ಭಾರದ ರೋಲರನ್ನು ಮತ್ತೆ ಓಡಿಸಿದರೆ ಕೂರುತ್ತದೆ ಎಂದು ಕೆಲವರು ಹೇಳುತ್ತಿದ್ದಾರೆ.

ಉತ್ತರ 4 – ನಿವೃತ್ತ ಎಂಜಿನಿಯರ್, ಕೊಪ್ಪಳ

ಮೊದಲು ಆ ರೋಲರಿನ ಮಾತು. ಏಪ್ರಿಲ್ ಮಧ್ಯಾಹ್ನ ರಸ್ತೆಯ ಮೇಲ್ಮೈ 60 ಡಿಗ್ರಿ ಮುಟ್ಟಬಹುದು. ವಿಜಿ-30ಕ್ಕೆ ರೋಲಿಂಗಿನ ಕೆಳಮಿತಿಯೇ 90. ಅದಕ್ಕಿಂತ ಕೆಳಗೆ ಬಿಟುಮೆನ್ ಜಲ್ಲಿಯನ್ನು ಸರಿಯಲು ಬಿಡುವುದಿಲ್ಲ, ಕಂಪಿಸುವ ರೋಲರ್ ಓಡಿಸಿದರೆ ಕಲ್ಲು ಒಡೆಯುತ್ತದೆ, ಒಡೆದ ಮುಖಕ್ಕೆ ಬಿಟುಮೆನ್ ಇರುವುದಿಲ್ಲ. ಮೇಲೆ ನುಣುಪಾಗಿ ಕಂಡು ಒಳಗೆ ಇನ್ನಷ್ಟು ಕೆಡುವ ಈ ಉಪಾಯಕ್ಕೆ ದಯವಿಟ್ಟು ಒಪ್ಪಬೇಡಿ.

ಪಟ್ಟೆಗಳ ಎಲ್ಲೆಯನ್ನು ಕೋರ್‌ಗಳಿಂದ ಗುರುತಿಸಿ. ಶೇ. 92 ತಲುಪದ ಜಾಗವನ್ನು ಆಯತಾಕಾರವಾಗಿ, ಅಂಚು ನೇರವಾಗಿರುವಂತೆ ಕತ್ತರಿಸಿ, ಪದರದ ಪೂರ್ಣ ದಪ್ಪಕ್ಕೆ ತೆಗೆದು, ತಳಕ್ಕೂ ಅಂಚುಗಳಿಗೂ ಟ್ಯಾಕ್ ಕೋಟ್ (ಅಂಟಿಕೊಳ್ಳಲು ಬಿಟುಮೆನ್ ಲೇಪ) ಕೊಟ್ಟು ಹೊಸ ಬಿಸಿ ಮಾಲು ತುಂಬಿಸಬೇಕು. ಗುತ್ತಿಗೆದಾರರು ಒಪ್ಪಲು ಹಿಂಜರಿಯುತ್ತಾರೆ. ಆದರೆ ಮಳೆಗಾಲದ ನಂತರ ಅದೇ ಜಾಗದಲ್ಲಿ ತೇಪೆ ಹಾಕಲು ಅವರೇ ಬರಬೇಕಾಗುತ್ತದೆ, ಅಷ್ಟರಲ್ಲಿ ನೀರು ಕೆಳಗಿನ ಪದರಕ್ಕೂ ಇಳಿದಿರುತ್ತದೆ.

ಯಂತ್ರದ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿದೆ. ಒಳಗೆ ಮಾಲನ್ನು ನಿಜವಾಗಿ ಮರುಕಲಸುವ ಯಂತ್ರವಾದರೆ ಅದು ಈ ತೊಂದರೆಗೆ ಇರುವ ಅತ್ಯುತ್ತಮ ಪರಿಹಾರ. ಟಿಪ್ಪರ್ ಪೇವರಿಗೆ ಗುದ್ದುವುದೂ ತಪ್ಪುತ್ತದೆ, ಟಿಪ್ಪರ್ ಬದಲಾಗುವಾಗ ಪೇವರ್ ನಿಲ್ಲುವುದೂ ತಪ್ಪುತ್ತದೆ. ಮಾಲನ್ನು ಬೆಲ್ಟಿನ ಮೇಲೆ ದಾಟಿಸುವುದಷ್ಟೇ ಮಾಡುವ ಯಂತ್ರವಾದರೆ ಉಷ್ಣತೆಯ ಏರುಪೇರಿಗೆ ಹೆಚ್ಚು ಪ್ರಯೋಜನವಿಲ್ಲ. ಅದಿರು ಲಾರಿಗಳು ಓಡುವ ಸಂಡೂರು–ತೋರಣಗಲ್ಲು ಭಾಗದಂತಹ ರಸ್ತೆಗಳಿಗೆ, ರಾಷ್ಟ್ರೀಯ ಹೆದ್ದಾರಿಗಳಿಗೆ ಆ ಖರ್ಚು ಸಮರ್ಥನೀಯ. ನಿಮ್ಮ ಗಾತ್ರದ ಕಾಮಗಾರಿಯಲ್ಲಿ ತಾಡಪತ್ರಿ, ಮೂರು ಸಲ ತುಂಬುವ ಕ್ರಮ, ನಿಲ್ಲದ ಪೇವರ್ ಇಷ್ಟರಿಂದಲೇ 14 ಡಿಗ್ರಿಯೊಳಗೆ ಬರಲು ಸಾಧ್ಯವೆಂದು ನಂಬುತ್ತೇನೆ. ಅಷ್ಟಾದರೂ ಬಾರದಿದ್ದರೆ ವಾರ್ಮ್ ಮಿಕ್ಸ್ ಸೇರ್ಪಡೆಗಳನ್ನು ಪರಿಶೀಲಿಸಿ, ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ (ಐಆರ್‌ಸಿ) ಎಸ್‌ಪಿ 101ರಲ್ಲಿ ಮಾರ್ಗಸೂಚಿ ಇದೆ. ಕಡಿಮೆ ತಾಪದಲ್ಲೂ ಮಿಶ್ರಣ ಅಡಕಗೊಳ್ಳುವುದರಿಂದ ದೂರದ ಸಾಗಣೆಯಲ್ಲಿ ರೋಲರಿಗೆ ಒಂದಿಷ್ಟು ಕಾಲಾವಕಾಶ ಸಿಗುತ್ತದೆ.

ಗಾಳಿಯ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ. ನಮ್ಮ ಯಲಬುರ್ಗಾ, ಕುಕನೂರು ಕಡೆ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ಮನೆ ಅಲ್ಲ. ಮುಂಗಾರಿನ ಹೊಸ್ತಿಲಲ್ಲಿ ಬಯಲಿನ ಮೇಲೆ ಬೀಸುವ ಆ ಗಾಳಿ ತೆಳುವಾದ ಹಾಸಿನ ಮೇಲ್ಮೈಯನ್ನು ನಿಮಿಷಗಳಲ್ಲಿ ಬಿಗಿಸಿಬಿಡುತ್ತದೆ. ಎರಡು ಮೀಟರ್ ಎತ್ತರದಲ್ಲಿ ಗಾಳಿಯ ವೇಗ ಗಂಟೆಗೆ 40 ಕಿ.ಮೀ. ದಾಟಿದರೆ ಡಾಂಬರು ಹಾಕಬಾರದೆಂದು ನಿರ್ದಿಷ್ಟತೆಯಲ್ಲೇ ಇದೆ, ಆದರೆ ಸೈಟಿನಲ್ಲಿ ಅದನ್ನು ಅಳೆಯುವವರು ವಿರಳ. ಹಾಸು ತಣಿಯುವ ಕಾಲ ಸ್ಥೂಲವಾಗಿ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ಮುಂದೆ ನೀವು 30 ಮಿ.ಮೀ. ಪದರ ಹಾಕುವ ಕೆಲಸಕ್ಕೆ ಹೋದರೆ ಈಗಿನ 50 ಮಿ.ಮೀ.ಗೆ ಸಿಗುವ ಸಮಯದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು ಸಿಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಅಂತಹ ಕಡೆ ಮೊದಲ ರೋಲರ್ ಸ್ಕ್ರೀಡಿನ ಬೆನ್ನಿಗೇ ಇರಬೇಕು, ಟೈರ್ ರೋಲರ್ ಅದರ ಹಿಂದೆಯೇ ಬರಬೇಕು, ನೀರು ತುಂಬಿಸಲು ರೋಲರನ್ನು ದೂರ ಕಳುಹಿಸುವ ಪದ್ಧತಿಯನ್ನು ನಿಲ್ಲಿಸಿ ಟ್ಯಾಂಕರನ್ನೇ ಪಕ್ಕಕ್ಕೆ ತರಿಸಬೇಕು.

ನಿಮ್ಮ 15ರಿಂದ 18 ಡಿಗ್ರಿಯ ಓದುಗಳು ಹೊಸ ತಾಡಪತ್ರಿ ಬಂದ ಮೇಲೆ ಎಷ್ಟಾದವು ಎಂಬುದನ್ನು ಇಲ್ಲಿ ಬರೆಯಿರಿ, ಆ ಜಾಗಗಳ ಕೋರ್ ಫಲಿತಾಂಶವನ್ನೂ ಸೇರಿಸಿ.