ಆ್ಯಡ್ ಇಲ್ದೆ ಸಣ್ಣ ಕನ್ನಡ ನ್ಯೂಸ್ ಸೈಟ್ ನಡ್ಸೋದು ಹೇಗೆ?

ಮಲ್ನಾಡ್_ಮಳೆ: ಮೂವರು ಸೇರ್ಕೊಂಡು ತಾಲ್ಲೂಕು ಮಟ್ಟದ ಸುದ್ದಿ ಸೈಟ್ ನಡಸ್ತಿದೀವಿ, ಓದೋರು ಇದಾರೆ ಆದ್ರೆ ದುಡ್ಡಿಲ್ಲ. ಲೋಕಲ್ ಆ್ಯಡ್ ತಗೊಂಡ್ರೆ ಮಾರನೇ ದಿನಾನೇ "ನಮ್ ಸುದ್ದಿ ತೆಗೀರಿ" ಅಂತ ಫೋನ್ ಬರುತ್ತೆ. ಬೇರೆ ದಾರಿ ಇದ್ರೆ ಹೇಳ್ರಪ್ಪ.

ಹಳೇಪೇಪರ್: ಲಂಕೇಶ್ ಪತ್ರಿಕೆ 1980ರಲ್ಲಿ ಶುರುವಾದಾಗಿಂದ ಜಾಹೀರಾತಿಲ್ದೇನೆ ನಡೀತು, ಬರೀ ಮಾರಾಟದ ದುಡ್ಡಲ್ಲಿ. ಆದ್ರೆ ಆಗ ಅಂಗಡೀಲಿ ಕಾಸು ಕೊಟ್ರೇನೇ ಓದೋಕ್ ಸಿಗ್ತಿತ್ತು, ಈಗ ಪಿಡಿಎಫ್ ವಾಟ್ಸಾಪಲ್ಲಿ ಬಿಟ್ಟಿ ಬರುತ್ತೆ ನೋಡಿ, ಅದೇ ಕಷ್ಟ.

ಕೋಡುಬಳೆ: ನ್ಯೂಸ್‌ಲಾಂಡ್ರಿ ಅನ್ನೋ ನ್ಯೂಸ್ ಸೈಟ್ ಥರ ಚಂದಾದಾರರನ್ನೇ ನಂಬ್ಕೊಳ್ಳಿ. ದುಡ್ಡು ಕೊಟ್ರೇನೇ ಓದೋಕ್ ಸಿಗೋ ಪೇವಾಲ್ ಮಾತ್ರ ಹಾಕ್ಬೇಡಿ, ಸುದ್ದಿ ಎಲ್ರಿಗೂ ಫ್ರೀ ಇರ್ಲಿ, ಆಗೋರು ತಿಂಗಳಿಗೆ 50 ರೂಪಾಯಿ ಕೊಡ್ಲಿ. ಒಂದ್ಸಲ ಕ್ಯೂಆರ್ ಕೋಡ್ ಹಾಕಿ ಕೂತ್ರೆ ಮೊದಲ ವಾರ ಬರುತ್ತೆ ಆಮೇಲೆ ಎಲ್ರೂ ಮರೀತಾರೆ, ಅದಕ್ಕೇ ತಿಂಗಳು ತಿಂಗಳು ದುಡ್ಡು ತಾನೇ ಕಟ್ ಆಗೋ ಯುಪಿಐ ಆಟೋಪೇ ಇಡ್ಸಿ. 300 ಜನ ಸಿಕ್ರೆ ತಿಂಗಳಿಗೆ 15,000, ಒಬ್ಬ ರಿಪೋರ್ಟರ್ ಪೆಟ್ರೋಲು, ಊಟಕ್ಕಾದ್ರೂ ಆಯ್ತಲ್ಲ.

ಮಲ್ನಾಡ್_ಮಳೆ: ಯೂಟ್ಯೂಬ್?

ಕೋಡುಬಳೆ: ಆ್ಯಡ್ ದುಡ್ಡು ಬರೋಕೆ 1,000 ಸಬ್‌ಸ್ಕ್ರೈಬರು, ವರ್ಷದಲ್ಲಿ 4,000 ಗಂಟೆ ವಾಚ್‌ಟೈಮ್ ಬೇಕು. ಅದಾದ್ರೂ ಕನ್ನಡಕ್ಕೆ ಸಿಗೋ ರೇಟು ಕಮ್ಮಿ, ಅದನ್ನ ಸೈಡ್ ಇನ್‌ಕಮ್ ಅಂದ್ಕೊಳ್ಳಿ ಅಷ್ಟೇ.

ಬಯಲುಸೀಮೆ: ಗ್ರಾಂಟೂ ಟ್ರೈ ಮಾಡಿ, ಬೆಂಗಳೂರಲ್ಲೇ ಐಪಿಎಸ್‌ಎಂಎಫ್ (ಇಂಡಿಪೆಂಡೆಂಟ್ ಅಂಡ್ ಪಬ್ಲಿಕ್-ಸ್ಪಿರಿಟೆಡ್ ಮೀಡಿಯಾ ಫೌಂಡೇಶನ್) ಅಂತ ಇದೆ, ಸ್ವತಂತ್ರ ಮಾಧ್ಯಮಕ್ಕೆ ದುಡ್ಡು ಕೊಡುತ್ತೆ. ವಿದೇಶದಿಂದ ದೇಣಿಗೆ ತಗೋಳೋಕೆ ಮುಂಚೆ ಮಾತ್ರ ಒಬ್ಬ ಸಿಎ ಹತ್ರ ಕೇಳಿ, ವಿದೇಶಿ ದೇಣಿಗೆ ಮೇಲೆ ಕಣ್ಣಿಡೋ ಎಫ್‌ಸಿಆರ್‌ಎ ಕಾನೂನಿನ ತಲೆನೋವು ಸಣ್ಣದಲ್ಲ. ನಾನಂತೂ 50 ರೂಪಾಯಿ ಕೊಡ್ತೀನಿ, ಲಿಂಕ್ ಹಾಕಿ ಮಾರಾಯ್ರೆ.